ಬೋರಲಿಂಗ ಡಿಗ್ರಿ ಗುರುತು ಹಾಕಿದ್ದು

ಸಾಕಮ್ಮ ಅಂತ ಒಬ್ಬಳು. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಹೇಳದ್ದನ್ನು ಸತ್ತರೂ ಮಾಡುವುದಿಲ್ಲ. ಇಪ್ಪತ್ತೆಂಟಾದರೂ ಹೆಣ್ಣು ಕೊಡುವವರಿಲ್ಲ. ಕಡೆಗೆ ಪಕ್ಕದೂರಿನ ಚಿಕ್ಕಲಿಂಗಯ್ಯ, "ಡೈರೀಲಿ ಒಂದು ತಿಂಗಳು ಕೆಲಸ ಉಳಿಸ್ಕೊಳ್ಳಲಿ, ನನ್ ಮಗಳು ರತ್ನೀನ ಕೊಡ್ತೀನಿ" ಅಂದ.

"ಮಗ, ಮ್ಯಾನೇಜರು ಏನ್ ಹೇಳ್ತಾರೋ ಹಂಗೇ ಮಾಡಪ್ಪ" ಅಂದಳು ಸಾಕಮ್ಮ. ಇನ್ನೇನಾದರೂ ಹೇಳಬಹುದಿತ್ತು ಅವಳು.

ಡೈರಿಯ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಶೀಟು. ಮೂವತ್ತು ಊರಿನ ಹಾಲಿಗೆ ಮೂವತ್ತು ಚೌಕ, ಒಂದರ ಪಕ್ಕ ಒಂದು. ಹಾಲು ಎಷ್ಟು ಡಿಗ್ರಿ ತಣ್ಣಗಿದೆ ಅಂತ ಅದರಲ್ಲಿ ಬರೆಯಬೇಕು.

"ಬರೀ ನಾಲ್ಕು ಅಂತ ಬರೀಬೇಡ. ಪಕ್ಕದಲ್ಲಿ ಒಂದು ಸೊನ್ನೆ ಇಡು" ಅಂದರು ಮ್ಯಾನೇಜರು ಗುರುಸಿದ್ದಪ್ಪ.

ಬೋರಲಿಂಗ ಇಟ್ಟ. ನಾಲ್ಕು ಇದ್ದದ್ದೆಲ್ಲ ನಲವತ್ತಾಯಿತು. ಪಟ್ಟಣದ ಡೈರಿಯವರು ಪಟ್ಟಿ ನೋಡಿ, ಹಾಲು ಕೆಟ್ಟಿದೆ ಅಂತ ಟ್ಯಾಂಕರನ್ನೇ ವಾಪಸು ಕಳಿಸಿದರು.

"ಅಯ್ಯೋ ಪೆದ್ದೇ, ಅದು ಡಿಗ್ರಿ ಗುರುತು, ಮೇಲ್ಗಡೆ ಕೂರೋ ಪುಟ್ಟ ಸೊನ್ನೆ ಕಣಯ್ಯ. ಆಲ್ಟ್ ಬಟನ್ ಒತ್ತಿ ಹಿಡಿ. ಹಿಡಿದ ಬೆರಳು ಬಿಡಬೇಡ. ಬಲಗಡೆ ನಂಬರುಗಳಲ್ಲಿ ಸೊನ್ನೆ, ಒಂದು, ಏಳು, ಆರು ಹೊಡಿ" ಅಂದರು ಗುರುಸಿದ್ದಪ್ಪ.

ಮಾರನೇ ದಿನ ಹೊಡೆದ. ಬೆರಳು ಬಿಡಲಿಲ್ಲ. ಫೋನು ಬಡಿದುಕೊಂಡಿತು, ಬಿಡಲಿಲ್ಲ. ಮಧ್ಯಾಹ್ನ ಸಾಕಮ್ಮ ಮುದ್ದೆ ತಂದಳು. ಕಡೆಗೆ ಅವಳೇ ಮುರಿದು ಬಾಯಿಗಿಟ್ಟಳು.

"ಬಿಟ್ರೆ ತಾನೆ ಗುರುತು ಕಾಣೋದು?" ಅಂತ ಗದರಿದರು ಗುರುಸಿದ್ದಪ್ಪ. "ನಂಬರು ಹೊಡೆದಾದ ಮೇಲೆ ಬಿಟ್ಟುಬಿಡು."

ಮೂರನೇ ದಿನ ಹಿಡಿದ, ಹೊಡೆದ, ಬಿಟ್ಟ. ಒಂದು ಚೌಕದಲ್ಲಿ ಮುದ್ದಾಗಿ ಡಿಗ್ರಿ ಬಂತು. ಬೋರಲಿಂಗ ಕೈಕಟ್ಟಿ ಕೂತ. ಇಪ್ಪತ್ತೊಂಬತ್ತು ಚೌಕ ಖಾಲಿ.

ಗುರುಸಿದ್ದಪ್ಪ ತಲೆ ಚಚ್ಚಿಕೊಂಡರು. "ಪಕ್ಕದ್ದಕ್ಕೆ ಹೋಗಯ್ಯ. ಅಲ್ಲೂ ಹಿಡಿ, ಆದ ಮೇಲೆ ಬಿಡು. ಅದರ ಪಕ್ಕದ್ದಕ್ಕೆ ಹೋಗು. ಸಾಲು ಮುಗಿಯೋವರ್ಗೂ ನಿಲ್ಲಬೇಡ."

ಅವತ್ತಿನಿಂದ ಹಿಡಿದ, ಬಿಟ್ಟ, ಪಕ್ಕಕ್ಕೆ ಹೋದ. ಹಿಡಿದ, ಬಿಟ್ಟ, ಪಕ್ಕಕ್ಕೆ ಹೋದ. ಮೂವತ್ತು ಚೌಕವೂ ಸರಿಯಾಗಿ ತುಂಬಿದವು. ತಿಂಗಳು ಮುಗಿಯಿತು, ಕೆಲಸ ಉಳಿಯಿತು. ಚಿಕ್ಕಲಿಂಗಯ್ಯ ಆಡಿದ ಮಾತಿನಂತೆ ಹೆಣ್ಣು ಕೊಟ್ಟ. ಸಾಕಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಹೈಸ್ಕೂಲು ಮೈದಾನದಲ್ಲಿ ಸಾಮೂಹಿಕ ಮದುವೆ. ಇಪ್ಪತ್ತು ಜೋಡಿ ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು. ಆ ಸಾಲನ್ನು ನೋಡಿದಾಗಲೇ ಸಾಕಮ್ಮನಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬೋರಲಿಂಗನದು ಮೊದಲನೇ ಜೋಡಿ.

"ಗಂಡುಗಳೆಲ್ಲ ಹೆಣ್ಣಿನ ಕೈ ಹಿಡ್ಕೊಳ್ಳಿ" ಅಂದರು ಪುರೋಹಿತರು ಮೈಕಿನಲ್ಲಿ. ಬೋರಲಿಂಗ ರತ್ನಿಯ ಕೈ ಹಿಡಿದ. ಧಾರೆ ಎರೆದರು. "ಆಯ್ತು" ಅಂದರು ಪುರೋಹಿತರು.

ಆದ ಮೇಲೆ ಬಿಡಬೇಕಲ್ಲ, ಬಿಟ್ಟ. ಎದ್ದು ಪಕ್ಕದ ಹೆಣ್ಣಿನ ಕೈ ಹಿಡಿದ, ಬಿಟ್ಟ. ಅದರ ಪಕ್ಕದ್ದಕ್ಕೆ ಹೋಗಿ ಮೂರನೇ ಹೆಣ್ಣಿನ ಕೈ ಹಿಡಿದ. ಗಂಡುಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಚಿಕ್ಕಲಿಂಗಯ್ಯ ರತ್ನಿಯನ್ನು ಎಬ್ಬಿಸಿಕೊಂಡು ಹೊರಡಲು ನಿಂತ.

ಹಿಂದೆ ಹೆಂಗಸರ ಸಾಲಿನಲ್ಲಿದ್ದ ಸಾಕಮ್ಮನಿಗೆ ಮಗ ರತ್ನಿಯ ಕೈ ಬಿಟ್ಟದ್ದಷ್ಟೇ ಕಂಡಿತ್ತು. ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು.

"ಲೇ ಬೋರ್ಲಿಂಗ, ಬಿಡಬೇಡ ಕಣ್ಲಾ! ಗಟ್ಟಿಯಾಗಿ ಹಿಡ್ಕೋ! ಯಾರು ಬಂದು ಬಿಡಿಸಿದ್ರೂ ಬಿಡಬೇಡ!"

ಹೆತ್ತವ್ವ ಹೇಳಿದ ಮೇಲೆ ಮುಗಿಯಿತು. ಮೂರನೇ ಹೆಣ್ಣಿನ ಗಂಡ ಎಳೆದ, ಬಿಡಲಿಲ್ಲ. ಮದುವೆಗೆ ಬಂದಿದ್ದ ಗುರುಸಿದ್ದಪ್ಪ ಎಳೆದರು, ಬಿಡಲಿಲ್ಲ. ಆಮೇಲೆ ಸಾಕಮ್ಮನೇ ಓಡಿ ಬಂದು, "ಬಿಡೋ ಮಗನೇ" ಅಂತ ಕಾಲಿಗೆ ಬಿದ್ದಳು.

"ಯಾರು ಬಿಡಿಸಿದ್ರೂ ಬಿಡಬೇಡ ಅಂದೆಯಲ್ಲವ್ವ" ಅಂದ ಬೋರಲಿಂಗ, ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.