ಅರಮನೆಯ ಮುದ್ರೆ, ಗಾರೆಯ ಕೈ

"ಗಾರೆ ಹಸಿಯಿದ್ದಾಗಲೇ ಬಂದು ಬಡಿಯಬೇಕೇ ಇವನು? ಬೆಳಗಿನಿಂದ ಇದು ಮೂರನೆಯ ಸಲ," ಎಂದು ಸಂಕವ್ವ ಗೋಡೆಗೆ ಮುಖ ಮಾಡಿಕೊಂಡೇ ಗೊಣಗಿದಳು. ಬೆನ್ನಿಗೆ ಕಟ್ಟಿದ್ದ ಕೂಸು ಸದ್ದಿಗೆ ಎದ್ದು ಅಳತೊಡಗಿತು.

ಡಂಗುರದವನು ಸಾರಿದ: "ಕೇಳಿರಪ್ಪೋ ಕೇಳಿ. ಸ್ನಾನದ ಮನೆಯ ಚಾವಣಿ ಕುಸಿದು ದೊರೆಯ ತಾಯಿ ತೀರಿಕೊಂಡರು. ಇನ್ನು ಮೇಲೆ ಅರಮನೆಯ ಮುದ್ರೆಯಿಲ್ಲದವರು ಮನೆ ಕಟ್ಟುವಂತಿಲ್ಲ, ಗಾರೆ ಬಳಿಯುವಂತಿಲ್ಲ. ದೊರೆಯ ಮೂರು ಒಗಟು ಬಿಡಿಸಿದವರಿಗೆ ಮುದ್ರೆ. ತಪ್ಪಿದವರು ಹುಸಿ ಕಸುಬಿನವರು, ಅವರಿಗೆ ನೇಣು. ಇಂದು ಸಂಜೆ ಮೊದಲಿಗೆ ನೇಣುಗಂಬ ಏರುವವನು ಗುರುಪಾದ."

ಗುರುಪಾದ ಅವಳ ಅಣ್ಣ. ಎರಡನೆಯ ಡಂಗುರ ಕೇಳಿ ಒಗಟು ಬಿಡಿಸಲು ಅರಮನೆಗೆ ಹೋಗಿದ್ದ. ಸಂಕವ್ವ ಕರಣೆಯನ್ನು ಅಲ್ಲೇ ಬಿಟ್ಟಳು. ಕೈ ಕೂಡ ತೊಳೆಯಲಿಲ್ಲ.

ಸಭೆಯಲ್ಲಿ ಅವಳಿಗಿಂತ ಮುಂದೆ ಜರಿ ರುಮಾಲಿನ ಮೇಸ್ತ್ರಿಯೊಬ್ಬ ನಿಂತಿದ್ದ. ದೊರೆ ಅವನನ್ನು ಕೇಳಿದ, "ಬೆಂಕಿಯಲ್ಲಿ ಬೆಂದಾಗ ಸುಮ್ಮನಿದ್ದು, ತಣ್ಣೀರು ಸೋಕಿದರೆ ಕುದಿಯುವುದು ಯಾವುದು?"

"ನಮ್ಮ ಅತ್ತೆ, ಬುದ್ಧಿ."

ಸಭೆ ನಕ್ಕಿತು. ದೊರೆ ನಗಲಿಲ್ಲ. ಕಾವಲಿನವರು ಮೇಸ್ತ್ರಿಯನ್ನು ಎಳೆದೊಯ್ದರು. ಕಿಟಕಿಯ ಬಿಸಿಲು ಆಗಲೇ ಓರೆಯಾಗಿತ್ತು. ಸಂಕವ್ವ ಕಾಲು ಬದಲಿಸುತ್ತ, ಕೂಸನ್ನು ತಟ್ಟುತ್ತ, "ನಾನು ಗುರುಪಾದನ ತಂಗಿ. ಅದು ಸುಟ್ಟ ಸುಣ್ಣದ ಕಲ್ಲು, ಬುದ್ಧಿ. ಬೇಗ ಮುಂದಿನದು ಕೇಳಿ," ಎಂದಳು.

"ಕೊರಳಿಗೆ ಹಗ್ಗ ಬಿದ್ದು ತೂಗಾಡುವಾಗ ಸುಳ್ಳಾಡುವುದು, ಅಲುಗಾಟ ನಿಂತ ಮೇಲೆ ನಿಜ ಹೇಳುವುದು. ನಿನ್ನ ಅಣ್ಣ ಇದಕ್ಕೆ, ನೇಣಿಗೆ ಹಾಕಿದ ಮನುಷ್ಯ ಅಂದ."

ಸಂಕವ್ವ ಅಣ್ಣನನ್ನು ಒಳಗೇ ಬೈದುಕೊಂಡಳು: ಉತ್ತರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತಿದ್ದನಲ್ಲ ಪುಣ್ಯಾತ್ಮ. ಅಂಗಳದ ನೇಣುಗಂಬ ನೋಡಿ ಬುದ್ಧಿ ಅಲ್ಲಿಗೇ ಓಡಿರಬೇಕು.

"ತೂಗುಗುಂಡು. ದಾರಕ್ಕೆ ಕಟ್ಟಿ ಇಳಿಬಿಡುತ್ತೇವೆ. ಅದು ನಿಶ್ಚಲವಾಗಿ ನಿಂತರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ."

ದೊರೆ ಮುಂದಕ್ಕೆ ಬಾಗಿದ. "ಮನೆಯ ಜೊತೆಗೇ ಏಳುವುದು, ಮನೆಗಿಂತ ಒಂದು ಮೊಳ ಮೇಲಿರುವುದು. ಮನೆ ಮುಗಿದ ದಿನ ಅದನ್ನು ಕಳಚಿ ಹಾಕುತ್ತಾರೆ."

"ಸಾರುವೆಯೂ ಹೌದು, ನಾವು ಕೆಲಸದವರೂ ಹೌದು."

"ಒಂದೇ ಹೇಳಬೇಕಮ್ಮ."

ಕೂಸು ಅವಳ ಜಡೆ ಹಿಡಿದು ಜಗ್ಗಿತು. "ಸಾರುವೆ ಅನ್ನಿ. ಹತ್ತಿ ನಿಲ್ಲಲು ಬಿದಿರ ಗಳ ಕಟ್ಟಿದ್ದನ್ನು ಬಿಚ್ಚಬಹುದು. ನಮ್ಮನ್ನು ಬರೀ ಕಳಿಸುತ್ತಾರೆ."

ದೊರೆ ತಾಮ್ರದ ಮುದ್ರೆಯನ್ನು ಅವಳ ಅಂಗೈಗಿಟ್ಟ. ಸ್ನಾನದ ಮನೆಯನ್ನು ಮತ್ತೆ ಕಟ್ಟುವ ಕೆಲಸವನ್ನೂ ಕೊಟ್ಟು, "ಇನ್ನೇನು ಬೇಕು?" ಎಂದ.

"ಅಣ್ಣ ಬೇಕು. ಆ ಮೇಸ್ತ್ರಿಯನ್ನೂ ಬಿಡಿ. ಅತ್ತೆಯನ್ನು ಅಂದದ್ದಕ್ಕೆ ಮನೆಯಲ್ಲಿ ಅವನ ಹೆಂಡತಿ ವಿಚಾರಿಸಿಕೊಳ್ಳುತ್ತಾಳೆ."

"ಇಬ್ಬರ ತಲೆ ಉಳಿಸಿದೆ. ಮುದ್ರೆ ಮಾತ್ರ ಕೊಡಲಾರೆ. ಒಗಟು ತಪ್ಪಿದವರು ಇನ್ನು ಕರಣೆ ಮುಟ್ಟಬಾರದು."

ಬಿಡುಗಡೆಯಾದ ಗುರುಪಾದ ಹೆಬ್ಬಾಗಿಲು ದಾಟಿ ಬಂದ. ತಂಗಿಯ ಬೆನ್ನಿನಿಂದ ಕೂಸನ್ನು ಇಳಿಸಿಕೊಂಡು ಎತ್ತಿಕೊಂಡ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

"ನಿನಗೆ ಕಸುಬು ಕಲಿಸಿದವನು ನಾನು," ಎಂದ.

"ಹೌದಣ್ಣ."

"ಮಾತಿನಲ್ಲಿ ನಾನು ತಪ್ಪಿದೆ, ಸರಿ. ನಾನು ಎಬ್ಬಿಸಿದ ಯಾವ ಗೋಡೆ ಬಿದ್ದಿದೆ, ಹೇಳು ತಂಗಿ?"

ಸಂಕವ್ವ ಅಂಗೈಯ ಮುದ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಅವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಕೇಳಿದ, "ಹಾಗಾದರೆ ನಾಳೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ?"