ಬಾವಿಗಿಳಿದ ದೇವರ ಕಲ್ಲು

ಹೊದ್ಕೋ ಮಗಾ, ಕಾಲು ಒಳಗಿಟ್ಕೋ. ಹ್ಞೂಂ ಅಂತಿರ್ಬೇಕು, ಇಲ್ದಿದ್ರೆ ನಾನು ಹೇಳೋಳಲ್ಲ.

ಒಂದಾನೊಂದು ಕಾಲದಲ್ಲಿ ನಮ್ಮೂರು ಇನ್ನೂ ಊರೇ ಆಗಿರ್ಲಿಲ್ವಂತೆ. ಇಬ್ಬರು ರಾಜರ ಗಡಿ ನಡುವೆ ಬರೀ ಜಾಲಿ ಕಾಡು, ಈ ಕಡೆಯೋನೂ ನಂದು ಅನ್ನಲ್ಲ, ಆ ಕಡೆಯೋನೂ ನಂದು ಅನ್ನಲ್ಲ. ಅಲ್ಲಿಗೆ ಮೊದಲು ಜೈನರು ಬಂದ್ರಂತೆ, ಆಮೇಲೆ ಕೊರಳಲ್ಲಿ ಲಿಂಗ ಕಟ್ಕೊಂಡ ಶರಣರು, ಆಮೇಲೆ ಹಸಿರು ಬಾವುಟ ಹಿಡಿದ ಫಕೀರಜ್ಜ, ಅವನ ಹಿಂದೆ ಹತ್ತಾರು ಸಂಸಾರ. ಗುಡಿಸಲು ಹಾಕಿದ್ರೋ ಇಲ್ವೋ, ದೂರದ ಗುಡ್ಡದಿಂದ ಗಾಡೀಲಿ ಕಲ್ಲು ಹೇರ್ಕೊಂಡು ಬಂದು, ಬಸದಿಗೆ ಒಂದು ರಾಶಿ, ಮಠಕ್ಕೆ ಒಂದು ರಾಶಿ, ಮಸೀದಿಗೆ ಒಂದು ರಾಶಿ. ಯಾರದ್ದು ಮೊದಲು ಏಳುತ್ತೋ ಅವರ ಹೆಸರೇ ಊರಿಗೆ ಅಂತ ಜಿದ್ದು ಬೇರೆ. ನೋಡು ಬುದ್ಧೀನ, ದೇವರಿಗೆ ಮನೆ ಕಟ್ಟೋ ಭರದಲ್ಲಿ ಮನುಷ್ಯರಿಗೆ ನೀರು ಬೇಕು ಅನ್ನೋದೇ ಮರೆತಿದ್ರು!

ಬೇಸಿಗೆ ಬಂತು, ಹಳ್ಳ ಬತ್ತಿತು. ಜೈನರು ಬಾವಿ ತೋಡಿದ್ರು. ಮರಳು ಮಣ್ಣು, ಬೆಳಗಾಗೋದ್ರೊಳಗೆ ಕುಸೀತು. ಆಮೇಲೆ ಶರಣರು ತೋಡಿದ್ರು, ಅದೂ ಕುಸೀತು. ಆಮೇಲೆ ಫಕೀರಜ್ಜನ ಕಡೆಯೋರು ತೋಡಿದ್ರು, ಅವರದ್ದೇನು ಬೇರೆ ಮಣ್ಣಾ? ಒಳಗೆ ಸುತ್ತ ಕಲ್ಲು ಕಟ್ಟಿದ್ರೆ ಮಾತ್ರ ನಿಲ್ಲೋದು. ಗುಡ್ಡಕ್ಕೆ ಹೋಗೋಣ ಅಂದ್ರೆ ನೀರಿಲ್ದೆ ಎತ್ತು ಏಳ್ತಿಲ್ಲ. ಇರೋದು ದೇವರ ಕಲ್ಲು, ಅದೂ ಮೂರು ರಾಶಿ ಸೇರಿದ್ರೆ ಸಾಲೋದು. ಕೊಡೋರ್ಯಾರು? ನಾಳೆ ಎಲ್ರೂ ಗಂಟು ಮೂಟೆ ಕಟ್ಟೋದು ಅಂತಾಯ್ತಂತೆ.

ಶರಣರಲ್ಲಿ ನೀಲವ್ವ ಅಂತ ಒಬ್ಬಳು, ನಮ್ಮ ಮನೆತನದ ಮೂಲದವಳು, ದಿನ ತುಂಬಿದ ಬಸುರಿ. ಆ ಬಿಸಿಲಲ್ಲಿ ನಡೆದ್ರೆ ತಾನೂ ಉಳಿಯಲ್ಲ, ಕೂಸೂ ಉಳಿಯಲ್ಲ ಅಂತ ಅವಳಿಗೆ ಗೊತ್ತು. ಬಸದಿ ಹಿರಿಯನ್ನ ಕೇಳಿದ್ಲಂತೆ, ಉಳಿದೋರು ಕಲ್ಲು ಕೊಟ್ರೆ ನಾವೂ ಕೊಡ್ತೀವಿ ಅಂದ. ಫಕೀರಜ್ಜನ್ನ ಕೇಳಿದ್ಲು, ಅವನದ್ದೂ ಅದೇ ರಾಗ. ತಮ್ಮ ಮಠದ ಅಯ್ನೋರನ್ನೇ ಕೇಳಿದ್ಲು, ದೇವರಿಗೆ ಅಂತ ತಂದದ್ದು ತಾಯಿ, ಬಾವಿಗೆ ಹೆಂಗೆ ಇಳಿಸೋದು ಅಂದ್ರು.

ನೀಲವ್ವಂಗೆ ಸಿಟ್ಟು ನೆತ್ತಿಗೇರ್ತು. ಅಲ್ರಪ್ಪಾ, ಜಿನಪ್ಪನ ಅಭಿಷೇಕಕ್ಕೆ ಏನು ಹುಯ್ತೀರಿ, ಲಿಂಗಕ್ಕೆ ಏನೆರೀತೀರಿ, ನಮಾಜಿಗೆ ಮುಂಚೆ ಕೈಕಾಲು ಯಾತರಲ್ಲಿ ತೊಳೀತೀರಿ, ನಿಮ್ಮ ದೇವರೂ ಬಾಯಾರಿ ಕೂತವ್ನೆ, ಅವನ್ನ ಯಾರಾದ್ರೂ ಕೇಳಿದ್ರಾ ಅಂದ್ಲಂತೆ. ಅಂದೋಳೇ ಮಠದ ಬಾಗಿಲಿಗೆ ಅಂತ ಹೂ ಕೆತ್ತಿಟ್ಟಿದ್ದ ಕಲ್ಲನ್ನ ಕುಸಿದ ಬಾವಿ ಕಡೆ ಎಳೆಯೋಕೆ ಶುರು ಮಾಡಿದ್ಲು. ಅಯ್ಯೋ ಬಿಡು ತಾಯಿ ಅಂತ ಅಯ್ನೋರು ಓಡಿಬಂದು ತಾವೇ ಹೊತ್ರಂತೆ. ಅದನ್ನ ನೋಡಿ ಫಕೀರಜ್ಜ ಬಾವುಟ ನೆಲಕ್ಕೆ ನೆಟ್ಟು ಒಂದು ಕಲ್ಲೆತ್ತಿದ, ಆಮೇಲೆ ಬಸದಿ ಹಿರಿಯ, ಆಮೇಲೆ ಯಾರದ್ದು ಯಾವ ಕಲ್ಲು ಅಂತ ಯಾರೂ ನೋಡ್ಲಿಲ್ಲ.

ಎಲ್ರೂ ಸೇರಿ ಮತ್ತೆ ತೋಡಿ, ಸುತ್ತ ಕಲ್ಲು ಕಟ್ಟಿದ್ರು. ಬಾವಿ ನಿಂತ್ಕೊಂತು, ನೀರು ಬಂತು, ನೀಲವ್ವಂಗೆ ಹೆಣ್ಣು ಕೂಸು ಹುಟ್ತು. ಜೈನರ ಹೆಂಗಸರು ಆ ನೀರನ್ನ ಬಟ್ಟೇಲಿ ಸೋಸಿದ್ರು, ಫಕೀರಜ್ಜನ ಕಡೆಯೋರು ಅವನ ಆರದೆ ಉರಿಯೋ ಧುನಿ ಬೆಂಕೀಲಿ ಕಾಸಿದ್ರು, ಶರಣರು ಊರಿಗೆಲ್ಲ ಅಂಬಲಿ ಎರೆದ್ರು. ಬಸದಿ, ಮಠ, ಮಸೀದಿ ಎಲ್ಲ ನಿಧಾನಕ್ಕೆ ಎದ್ವಂತೆ. ಅವಸರ ಯಾರಿಗಿತ್ತು?

ನಾನು ಸೊಸೆಯಾಗಿ ಬಂದಾಗ ಕೊಡ ಇಳಿಸ್ತಾ ಆ ಹೂವಿನ ಕಲ್ಲು ನೋಡ್ತಿದ್ದೆ. ಈಗ ನಲ್ಲಿ ಬಂತು, ಬಗ್ಗಿ ನೋಡೋರಿಲ್ಲ, ಹೊಟ್ಟೆ ಉರಿಯುತ್ತೆ ಕಣೋ. ಆದ್ರೂ ಯಾರ ಮನೇಲಿ ಕೂಸು ಹುಟ್ಟಿದ್ರೂ ಮೊದಲು ಬಾವಿ, ಆಮೇಲೇ ಅವರವರ ದೇವರು. ನಿನ್ನನ್ನೂ ಸೆರಗಲ್ಲಿ ಸುತ್ಕೊಂಡು ಹೋಗಿ ನಾನೇ ನೀರು ತೋರಿಸಿದ್ದೆ. ಕೈಕಾಲು ಬಡಿದು ನಕ್ಕಿದ್ದೆ ನೀನು.

ಹ್ಞೂಂ ಅನ್ನೋ... ಮಲಗೇ ಬಿಟ್ಯಾ? ಮಲಗು. ನೀರು ತಳ ಸೇರ್ತು, ಕತೆ ಮುಗೀತು.