ಮೆಂಬರ್ ಗೌಡರ ಕೋಳಿ ತಪಾಸಣೆ

ಹುಣಸೆಕೊಪ್ಪಲಿನ ಚಿಕ್ಕತಾಯಮ್ಮ ಹಿತ್ತಲಲ್ಲಿ ಹನ್ನೆರಡು ನಾಟಿ ಕೋಳಿ ಸಾಕಿದ್ದಳು. ಬಾಣಂತಿ ಮಗಳಿಗೆ ವಾರಕ್ಕೊಂದು ಕೊಯ್ದು ಸಾರು ಮಾಡಿ ಬಡಿಸಬೇಕೆಂಬುದು ಅವಳ ಆಸೆ. ಮೊದಲನೇ ಕೋಳಿ ಕೊಯ್ಯುವ ದಿನವೇ ಪಂಚಾಯ್ತಿ ಮೆಂಬರ್ ಕೆಂಚೇಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ನಿಂತರು.

"ಎಲ್ಲೆಲ್ಲೂ ಕೋಳಿ ರೋಗ ಅದೆ. ನನ್ನ ತಪಾಸಣೆ ಆಗ್ದೆ ಮನೇಲಿ ಕೋಳಿ ಕೊಯ್ಯಂಗಿಲ್ಲ. ಪ್ರತಿ ಕೋಳೀದೂ ಎರಡು ತೊಡೆ ತಪಾಸಣೆಗೆ ನಮ್ಮನೆಗೆ ಬರ್ಬೇಕು."

ತೊಡೆ ಹೋದರೆ ಬಾಣಂತಿಗೆ ಉಳಿಯುವುದು ಕತ್ತು, ರೆಕ್ಕೆ. ಆದರೂ ಚಿಕ್ಕತಾಯಮ್ಮ ನಗುತ್ತಲೇ ಕೈಮುಗಿದಳು.

"ಆಗ್ಲಿ ಗೌಡ್ರೇ. ಆದ್ರೆ ಬರೀ ತೊಡೆ ನೋಡಿದ್ರೆ ಕೋಳಿ ರೋಗ ಗೊತ್ತಾಯ್ತದಾ? ಮೊದ್ಲಿಂದ್ಲೇ ನೋಡಿ. ನಾನು ಕೊಯ್ತೀನಿ, ಕೋಳಿ ಕಾಲು ಹಿಡ್ಕಳಿ!"

ಬೇಲಿಯಾಚೆ ಅಕ್ಕಪಕ್ಕದ ಹೆಂಗಸರು ನೋಡುತ್ತಿದ್ದರು. ಒಲ್ಲೆ ಅನ್ನಲಾಗದೆ ಗೌಡರು ಹಿಡಿದರು. ಚಿಕ್ಕತಾಯಮ್ಮ ಕತ್ತಿ ಆಡಿಸಿದಳು. ಕೋಳಿ ಪಟಪಟ ಬಡಿದುಕೊಂಡಿತು, ಬಿಳಿ ಅಂಗಿಯ ತುಂಬ ಕೆಂಪು ಚುಕ್ಕೆ. ಆಮೇಲೆ ಕೋಳಿಯನ್ನು ಬಿಸಿನೀರಲ್ಲಿ ಅದ್ದಿ ಅವರ ಮುಂದಿಟ್ಟಳು.

"ಪುಕ್ಕದ ಬುಡದಾಗೂ ರೋಗ ಇರ್ತದಂತೆ. ಕಿತ್ತು ಕಿತ್ತು ನೋಡಿ."

ಗೌಡರು ಕಿತ್ತರು. ಪುಕ್ಕ ಮೀಸೆಗೂ ಮೆತ್ತಿಕೊಂಡಿತು. ಕೊನೆಗೆ ಅವಳು ಹೊಟ್ಟೆ ಸೀಳಿ ಕರುಳು ತೆಗೆದು ಅವರ ಮುಖದ ಹತ್ತಿರ ಹಿಡಿದಳು.

"ಚೆನ್ನಾಗಿ ಮೂಸಿ ನೋಡಿ, ಗೌಡ್ರೇ."

ಅಷ್ಟರಲ್ಲಿ ಬೇಲಿಯಾಚೆಯವರೂ ಕಂಕುಳಲ್ಲಿ ಕೋಳಿ ಇರುಕಿಕೊಂಡು ಒಳಗೆ ಬಂದರು. "ನಮ್ಮವೂ ಒಸಿ ನೋಡ್ಬಿಡಿ!"

"ತಪಾಸಣೆ ರದ್ದು! ನಿಮ್ಮ ಕೋಳಿ ನೀವೇ ನೋಡ್ಕಳಿ!" ಎಂದು ಕೂಗುತ್ತ ಗೌಡರು ಓಡಿದರು.

ಸಂಜೆ ಚಿಕ್ಕತಾಯಮ್ಮ ಮರ್ಯಾದೆಗೆಂದು ಅವರ ಮನೆಗೆ ಒಂದು ಬಟ್ಟಲು ಸಾರು ಕಳಿಸಿದಳು. ವಾಸನೆ ಮೂಗಿಗೆ ಬಡಿಯುತ್ತಲೇ ಗೌಡರು ಬಟ್ಟಲು ದೂರ ತಳ್ಳಿ ಹೆಂಡತಿಗೆ ಅಂದರು: "ಮಜ್ಜಿಗೆ ಇದ್ರೆ ಹುಯ್ಯೇ."